ದಫೇದಾರರ ಬನ್ನು, ನನ್ನ ಮೂರು ಪುಟ

ಯಾರ ತಲೆ ಕೆಟ್ಟಿದೆ, ಯಾರದು ನೆಟ್ಟಗಿದೆ ಎಂದು ಎರಡೇ ನಿಮಿಷದಲ್ಲಿ ಖಚಿತವಾಗಿ ಹೇಳಬಲ್ಲವರು ಚಿತ್ರದುರ್ಗ ಜಿಲ್ಲೆಯಲ್ಲಿ ಒಬ್ಬರೇ ಇದ್ದಾರೆ. ಅದು ನಾನಲ್ಲ. ನಾನು ಮನಶ್ಶಾಸ್ತ್ರವನ್ನು ಏಳು ವರ್ಷ ಓದಿ, ಆಸ್ಪತ್ರೆಯೊಂದರ ಹಳೇ ಔಷಧಿ ಉಗ್ರಾಣವನ್ನು ನನ್ನ ಕೋಣೆ ಎಂದು ಪಡೆದು, ಜೈಲಿನಿಂದ ಬರುವ ವಿಚಾರಣಾಧೀನ ಕೈದಿಗಳ ಮನಸ್ಸನ್ನು ಪರೀಕ್ಷಿಸಿ ಕೋರ್ಟಿಗೆ ವರದಿ ಬರೆಯುವವಳು. ಆ ಇನ್ನೊಬ್ಬರು ಎಸ್ಸೆಸ್ಸೆಲ್ಸಿಯನ್ನು ಎರಡನೇ ಸಲಕ್ಕೆ ಪಾಸು ಮಾಡಿ, ಅದೇ ಕೈದಿಗಳನ್ನು ವ್ಯಾನಿನಲ್ಲಿ ಕರೆತಂದು, ಸಂಜೆಯೊಳಗೆ ವಾಪಸು ಮುಟ್ಟಿಸುವ ಹೆಡ್ ಕಾನ್ಸ್‌ಟೇಬಲ್. ಎಲ್ಲರೂ ಅವರನ್ನು ದಫೇದಾರರು ಎನ್ನುತ್ತಾರೆ, ನಾನೂ ಹಾಗೇ ಎನ್ನುತ್ತೇನೆ. ಹೆಸರು ಬರೆದರೆ ಅವರೇನೂ ಬೇಸರ ಮಾಡಿಕೊಳ್ಳುವುದಿಲ್ಲ. ಅಚ್ಚಿನಲ್ಲಿ ಹೆಸರು ಬಂತೆಂದು ಪೊಲೀಸ್ ಕ್ವಾರ್ಟರ್ಸಿನ ಮನೆಮನೆಗೂ ತೋರಿಸಿಕೊಂಡು ಬರುತ್ತಾರೆ. ಅದಕ್ಕೇ ಬರೆಯುತ್ತಿಲ್ಲ.

ಕೈದಿ ಸದಾ ಕಣ್ಣಳತೆಯಲ್ಲಿರಬೇಕು ಎಂಬುದು ಅವರ ನಿಯಮ. ಪರೀಕ್ಷೆಯ ಹೊತ್ತಿನಲ್ಲಿ ಮೂರನೆಯವರು ಇರಬಾರದು ಎಂಬುದು ನನ್ನ ನಿಯಮ. ಮೊದಲ ದಿನ ಇಬ್ಬರೂ ಅರ್ಧ ಗಂಟೆ ಇದನ್ನು ಚರ್ಚಿಸಿದ ಮೇಲೆ ಅವರು ಸ್ಟೂಲನ್ನು ಬಾಗಿಲಿಗೆ ಎಳೆದು, ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ ಇಟ್ಟು ಕೂತರು.

"ಈ ಕಾಲು ಸರ್ಕಾರದ್ದು ಮೇಡಂ, ಒಳಗೇ ಇರ್ತೈತೆ. ಆ ಕಾಲು ನಿಮ್ಮ ಮರ್ಯಾದೆಗೆ."

ಕಿವಿಗಳ ಬಗ್ಗೆ ಏನೂ ಹೇಳಲಿಲ್ಲ. ಅವೆರಡೂ ಒಳಗೇ ಇದ್ದವು.

ನಾನು ಕೈದಿಗಳಿಗೆ ಕೇಳುವ ಪ್ರಶ್ನೆಗಳನ್ನು ಅವರು ಬಿಡುವಿದ್ದಾಗ ನನಗೆ ಕೇಳುತ್ತಿದ್ದರು. ಊರು ಯಾವುದು, ಒಬ್ಬರೇ ಇರುತ್ತೀರಾ, ನಿದ್ದೆ ಚೆನ್ನಾಗಿ ಬರುತ್ತದಾ. ನಾನು ಉತ್ತರದ ಬದಲು ಫೈಲು ತೆರೆಯುತ್ತಿದ್ದೆ.

"ಕೇಳಿದ್ದಕ್ಕೆ ಉತ್ತರ ಇಲ್ಲ, ಮುಖ ಕೊಟ್ಟು ಮಾತಾಡಲ್ಲ. ಇದನ್ನೇ ಅಲ್ವೇನ್ರೀ ನೀವು ರಿಪೋರ್ಟಲ್ಲಿ ಬರಿಯೋದು?" ಎಂದು ಒಮ್ಮೆ ಕೇಳಿದರು.

ನಾನು ಇನ್ನೊಂದು ಫೈಲು ತೆರೆದೆ.

ಅವರ ಪರೀಕ್ಷಾ ಸಾಮಗ್ರಿ ಗೇಟಿನ ಬಳಿಯ ಟೀ ಅಂಗಡಿಯಲ್ಲಿ ಸಿಗುತ್ತಿತ್ತು. ಒಂದು ಬನ್ನು, ಒಂದು ಲೋಟ ಟೀ.

"ನಿಮ್ದು ಎರಡು ಗಂಟೆ ಮೇಡಂ, ನಂದು ಎರಡು ನಿಮಿಷ. ಬನ್ನು ಕೊಟ್ಟು ಸುಮ್ನೆ ನೋಡ್ತೀನಿ. ಮುರಿದು ನನಗೊಂದು ತುಂಡು ಕೊಟ್ಟನೋ, ಸಿಟ್ಟಲ್ಲಿ ಏನೋ ಮಾಡ್ಕೊಂಡವ್ನೆ, ಮನುಷ್ಯ ಒಳ್ಳೇನು. ಗೋಡೆ ಕಡೆ ತಿರುಗಿ ಒಬ್ನೇ ತಿಂದ್ನೋ, ಕಳ್ಳ. ಬನ್ನು ಕೈಯಾಗೆ ಇಟ್ಕೊಂಡು ಅದೇನು ಅಂತಾನೇ ಮರ್ತು ಕುಂತ್ನೋ, ಅವನ್ನ ಮಾತ್ರ ನಿಮ್ಮ ಹತ್ರ ತರಬೇಕು."

"ಎಲ್ಲರನ್ನೂ ತರಬೇಕೆಂದು ಕೋರ್ಟಿನ ಆದೇಶ ಇದೆಯಲ್ಲ?"

"ತರ್ತೀನಿ ಬಿಡ್ರಿ. ನಿಮಗೂ ಕೆಲ್ಸ ಬೇಕಲ್ಲ."

ಹೊಳಲ್ಕೆರೆ ಕಡೆಯ ಒಬ್ಬ ಸರಗಳ್ಳ ತನಗೆ ಹುಚ್ಚು ಎಂದು ತೋರಿಸಿಕೊಳ್ಳಲು ಕಾಗದ ತಿನ್ನುತ್ತಿದ್ದ. ನನ್ನ ಪ್ರಶ್ನಾವಳಿಯ ಮೊದಲ ಹಾಳೆಯ ಒಂದು ಮೂಲೆ ಈಗಲೂ ಇಲ್ಲ. ನಾನು ಎರಡು ದಿನ ನಾಲ್ಕು ಪರೀಕ್ಷೆ ಮಾಡಿ, ಮೂರು ಪುಟ ಬರೆದು, ಇದು ನಟನೆ ಎಂಬ ತೀರ್ಮಾನಕ್ಕೆ ಬಂದೆ.

"ನನಗೆ ಮೊದಲ್ನೇ ದಿನಾನೇ ಗೊತ್ತಿತ್ತು," ಎಂದರು ದಫೇದಾರರು. "ಬನ್ನು ತಿಂದಾದ್ಮೇಲೆ ಅಂಗಿ ಮೇಲೆ ಬಿದ್ದ ಚೂರು ಕೊಡವ್ಕೊಂಡ. ಪೇಪರ್ ತಿನ್ನೋನಿಗೆ ಅಂಗಿ ಚಿಂತೆ ಯಾಕ್ರೀ?"

ಈ ಮಾತು ನನ್ನ ಮೂರು ಪುಟದಲ್ಲಿ ಇರಲಿಲ್ಲ. ಇದ್ದಿದ್ದರೆ ಒಂದೇ ಪುಟ ಸಾಕಾಗುತ್ತಿತ್ತು.

ಇನ್ನೊಮ್ಮೆ ಹೊಸದುರ್ಗದ ಮುದುಕರೊಬ್ಬರಿಗೆ ಇಪ್ಪತ್ತರಿಂದ ಮೂರು ಮೂರು ಕಳೆಯುತ್ತಾ ಹೋಗಿ ಎಂದೆ. ಅದುವರೆಗೆ ತಮ್ಮ ವಯಸ್ಸನ್ನೇ ಸರಿಯಾಗಿ ಹೇಳದಿದ್ದವರು "ಹದಿನೇಳು, ಹದಿನಾಲ್ಕು, ಹನ್ನೊಂದು" ಎಂದು ನಿಧಾನವಾಗಿ ಇಳಿಯತೊಡಗಿದರು. ಅವರ ಕಣ್ಣು ನನ್ನನ್ನು ದಾಟಿ ಬಾಗಿಲ ಕಡೆ ಇತ್ತು. ತಿರುಗಿ ನೋಡಿದರೆ ದಫೇದಾರರ ತುಟಿ ಅಲ್ಲಾಡುತ್ತಿತ್ತು.

"ಏನಿದು ದಫೇದಾರ್ರೇ?"

"ಫೇಲ್ ಆಗ್ತಾರಲ್ಲ ಮೇಡಂ, ಪಾಪ."

"ಇಲ್ಲಿ ಪಾಸು ಫೇಲು ಇಲ್ಲ."

"ಎಲ್ಲಾ ಮೇಷ್ಟ್ರೂ ಹಂಗೇ ಹೇಳ್ತಾರೆ. ಸಿರಿಗೆರೆ ಹಾಸ್ಟೆಲ್ನಾಗಿದ್ದು ಓದುವಾಗ ಗಣಿತದ ಪರೀಕ್ಷೆ ದಿನ ನನಗೆ ಅಕ್ಕಪಕ್ಕದೋನು ಒಬ್ನೂ ಹೇಳ್ಕೊಡ್ಲಿಲ್ಲ. ಅವತ್ತೇ ತೀರ್ಮಾನ ಮಾಡಿದೆ."

"ಏನೆಂದು? ಚೆನ್ನಾಗಿ ಓದಬೇಕೆಂದೇ?"

"ಅಲ್ರೀ. ಹೇಳ್ಕೊಡಬೇಕು ಅಂತ."

ಆ ಮುದುಕರ ಪರೀಕ್ಷೆಯನ್ನು ನಾನು ಮೊದಲಿನಿಂದ ಮಾಡಬೇಕಾಯಿತು. ಇದನ್ನೆಲ್ಲ ಬರೆಯುವಾಗ ನಗು ಬರುತ್ತದೆ. ಆ ಕೋಣೆಯಲ್ಲಿ ನಗುವಂಥದ್ದು ಬಹಳ ಇರಲಿಲ್ಲ. ಅಲ್ಲಿಗೆ ಬರುವವರು ಹೊಡೆದಿರುತ್ತಾರೆ, ಇಲ್ಲವೇ ಹೊಡೆಸಿಕೊಂಡಿರುತ್ತಾರೆ. ಎಷ್ಟೋ ಸಲ ಎರಡೂ. ಅವರು ಹೋದ ಮೇಲೆ ನಾನು ಕಿಟಕಿ ತೆರೆದಿಡುತ್ತೇನೆ.

ಹೋದ ವರ್ಷ ಮಾತನ್ನೇ ಆಡದ ಒಬ್ಬ ಮನುಷ್ಯ ಬಂದ.

ಯಲ್ಲದಕೆರೆ ಕಡೆಯ ಕುರಿಗಾಹಿ, ಐವತ್ತರ ಆಸುಪಾಸು. ಹಿರಿಯೂರಿನ ಹತ್ತಿರ ಹೆದ್ದಾರಿ ದಾಟಿಸುವಾಗ ಒಂದು ಕಾರು ಮಂದೆಗೆ ನುಗ್ಗಿ ಹನ್ನೊಂದು ಕುರಿ ಸತ್ತವು. ಕಾರಿನವನು ಇಳಿದು ಬಂದು ಮೊದಲು ತನ್ನ ಕಾರಿನ ದೀಪ ಒಡೆದಿದೆಯೇ ಎಂದು ಬಗ್ಗಿ ನೋಡಿದನಂತೆ. ಕುರಿಗಾಹಿಯ ಕೈಯಲ್ಲಿ ಕೋಲಿತ್ತು. ಕಾರಿನವನ ತಲೆ ಒಡೆಯಿತು. ಅವನು ಬಹಳ ದಿನ ಆಸ್ಪತ್ರೆಯಲ್ಲಿದ್ದು ಬದುಕಿಕೊಂಡ. ಇವನ ಮೇಲೆ ಕೊಲೆ ಯತ್ನದ ಕೇಸಾಯಿತು. ಕೋರ್ಟಿಗೆ ಹಾಜರುಪಡಿಸಿದ ದಿನದಿಂದ ಇವನು ಬಾಯಿ ಬಿಟ್ಟಿಲ್ಲ. ಜಡ್ಜ್ ಹೆಸರು ಕೇಳಿದರು, ಸರ್ಕಾರ ನೇಮಿಸಿಕೊಟ್ಟ ವಕೀಲರು ನಡೆದದ್ದೇನೆಂದು ಕೇಳಿದರು, ಹೆಂಡತಿ ಜೈಲಿನ ಜಾಲರಿ ಹಿಡಿದು ಊಟ ಮಾಡಿದೆಯಾ ಎಂದು ಕೇಳಿದಳು. ಯಾವುದಕ್ಕೂ ಉತ್ತರವಿಲ್ಲ. ತಿಂಗಳ ಮೇಲಾಗಿತ್ತು.

ಕೋರ್ಟು ನಮ್ಮನ್ನು ಕೇಳಿದ್ದು ಮೂರೇ ಪ್ರಶ್ನೆ. ಈತನ ಮನಸ್ಸು ಸ್ವಸ್ಥವಾಗಿದೆಯೇ? ತನ್ನ ಮೇಲಿನ ಕೇಸು ಏನೆಂದು ಈತನಿಗೆ ತಿಳಿಯುತ್ತದೆಯೇ? ತನ್ನ ವಕೀಲರೊಂದಿಗೆ ಮಾತಾಡಬಲ್ಲನೇ? ಮೂರಕ್ಕೂ ಇಲ್ಲ ಎಂದು ಬರೆದರೆ ಅವನನ್ನು ದೂರದ ಮಾನಸಿಕ ಆಸ್ಪತ್ರೆಗೆ ಕಳಿಸುತ್ತಾರೆ, ಗುಣವಾಗುವವರೆಗೆ ಕೇಸು ನಿಲ್ಲುತ್ತದೆ. ಕೇಸು ನಿಂತರೆ ಮನುಷ್ಯನೂ ಅಲ್ಲೇ ನಿಲ್ಲುತ್ತಾನೆ. ಹಾಗೆ ನಿಂತುಹೋದವರ ಫೈಲುಗಳು ನನ್ನ ಬೀರುವಿನಲ್ಲಿವೆ. ಕೆಲವರನ್ನು ನೋಡಲು ಈಗ ಮನೆಯವರೂ ಹೋಗುವುದಿಲ್ಲ.

ಅವನು ಹೆಗಲ ಮೇಲೆ ಕರಿ ಕಂಬಳಿ ಹಾಕಿಕೊಂಡು ನನ್ನ ಎದುರು ಕೂತ. ಜೈಲಿನವರು ಅದೊಂದನ್ನು ಅವನಿಂದ ಬಿಡಿಸಿರಲಿಲ್ಲ. ಮೊದಲ ದಿನ ನಾನು ಕೇಳಿದ ನಲವತ್ತು ಪ್ರಶ್ನೆಗಳ ಎದುರೂ ಸಣ್ಣ ಗೆರೆ ಎಳೆದೆ.

ಎರಡನೇ ಸಲ ಬಂದಾಗ ಮಸಿ ಚೆಲ್ಲಿದಂಥ ಚಿತ್ರಗಳ ಕಾರ್ಡುಗಳನ್ನು ತೆಗೆದೆ. ಅದರಲ್ಲಿ ಏನು ಕಾಣುತ್ತದೆ ಎಂದು ಹೇಳಬೇಕು, ಅಷ್ಟೇ. ಕುರಿಗಾಹಿ ಸುಮ್ಮನಿದ್ದ. ದಫೇದಾರರಿಗೆ ಸುಮ್ಮನಿರಲು ಆಗಲಿಲ್ಲ.

"ಅದು ಮೇಕೆ ಚರ್ಮ ಮೇಡಂ. ಸುಲಿದು ಒಣಗಾಕವ್ರೆ."

ಸುಲಿದ ಚರ್ಮ ಕಂಡವರ ಬಗ್ಗೆ ನಾನು ಓದಿದ ಪುಸ್ತಕದಲ್ಲಿ ಒಂದಿಷ್ಟು ಎಚ್ಚರಿಕೆಯ ಮಾತುಗಳಿವೆ. ಲಾಠಿ ಹಿಡಿದವರಿಗೆ ಅದು ಅನ್ವಯಿಸುತ್ತದೆಯೇ ಎಂದು ಯೋಚಿಸುತ್ತಿದ್ದೆ. ಅಷ್ಟರಲ್ಲಿ ಕುರಿಗಾಹಿ ಕಾರ್ಡನ್ನು ತನ್ನ ಕಡೆ ಎಳೆದುಕೊಂಡ. ತಲೆಯನ್ನು ಇಲ್ಲವೆಂಬಂತೆ ಆಡಿಸಿ, ಚಿತ್ರದ ಕೆಳತುದಿಯ ಮೇಲೆ ಬೆರಳಿಟ್ಟು, ಬೆರಳನ್ನು ಕೆಳಗೆ ಇಳಿಬಿಟ್ಟು ತೋರಿಸಿದ.

ದಫೇದಾರರು ಎದ್ದು ಬಂದು ಬಗ್ಗಿ ನೋಡಿದರು. ಅವರದೂ ಕುರಿ ಸಾಕುವ ಮನೆಯೇ. "ಹೌದಲ್ಲ, ಬಾಲ ಕೆಳಗೆ ಬಿದ್ದೈತೆ. ಮೇಕೆದಾಗಿದ್ರೆ ಮೇಲೆ ಎದ್ದಿರ್ತಿತ್ತು. ನಂದೇ ತಪ್ಪು. ಕುರಿ ಅಂತ ಬರ್ಕೊಳ್ರಿ ಮೇಡಂ."

ಆ ಉತ್ತರ ಕೈದಿಯದೋ ಪೊಲೀಸರದೋ ಎಂದು ನಮೂದಿಸಲು ಫಾರಂನಲ್ಲಿ ಜಾಗವಿರಲಿಲ್ಲ. ಆದರೆ ಒಂದು ವಿಷಯ ನನಗೆ ಗೊತ್ತಾಯಿತು. ಈ ಮನುಷ್ಯ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದಾನೆ, ಮತ್ತು ಸುಳ್ಳನ್ನು ತಿದ್ದದೆ ಬಿಡಲು ಅವನಿಂದ ಆಗುವುದಿಲ್ಲ. ಹಾಗಿದ್ದರೆ ಏಕೆ ಮಾತಾಡುವುದಿಲ್ಲ?

ಮೂರನೇ ಭೇಟಿ ಕೊನೆಯದು. "ಇವತ್ತು ಬರೆದು ಮುಗಿಸಿಬಿಡಮ್ಮ. ಮಾತಿಲ್ಲ ಕತೆಯಿಲ್ಲ, ಇನ್ನೆಷ್ಟು ದಿನ ನೋಡ್ತೀಯ?" ಎಂದು ನಮ್ಮ ವಿಭಾಗದ ಹಿರಿಯ ಡಾಕ್ಟರು ಹೇಳಿದ್ದರು. ನನ್ನ ಎಲ್ಲ ಪರೀಕ್ಷೆಗಳೂ ಮುಗಿದಿದ್ದವು. ಆದ್ದರಿಂದ ವಿಶ್ವವಿದ್ಯಾಲಯದ ಯಾರಿಗೂ ನಾನು ಹೇಳಲಾರದ ಕೆಲಸವೊಂದನ್ನು ಮಾಡಿದೆ. ದಫೇದಾರರಿಗೆ ಬನ್ನು ತರಲು ಹೇಳಿದೆ.

ಅವನು ಅದನ್ನು ಮೂರು ಭಾಗ ಮಾಡಿದ. ಒಂದನ್ನು ದಫೇದಾರರಿಗೆ ಕೊಟ್ಟ, ಒಂದನ್ನು ನನ್ನ ಫೈಲಿನ ಪಕ್ಕ ಇಟ್ಟ. ಮೂರನೆಯದನ್ನು ತಿನ್ನದೆ ಕಂಬಳಿಯ ತುದಿಯಲ್ಲಿ ಗಂಟು ಹಾಕಿಕೊಂಡ.

"ಅದು ಹೆಂಡ್ತಿಗೆ," ಎಂದರು ದಫೇದಾರರು. "ಹೊರಗೆ ಬೇವಿನ ಮರದ ಕೆಳಗೆ ಕುಂತವ್ಳೆ. ಮೂರು ಸಲಾನೂ ಬಂದವ್ಳೆ." ಆಮೇಲೆ ಅವನ ಕಡೆ ತಿರುಗಿದರು. "ಹುಚ್ಚ ಅಲ್ಲ, ಕಳ್ಳ ಅಲ್ಲ. ಮತ್ತೆ ಹಿಂಗ್ಯಾಕೆ ಕುಂತೀಯಪ್ಪ? ಇವತ್ತು ಬಾಯಿ ಬಿಡ್ಲಿಲ್ಲ ಅಂದ್ರೆ ಈ ಮೇಡಂ ನಿನ್ನ ಹುಚ್ಚಾಸ್ಪತ್ರೆಗೆ ಬರೀತಾರೆ. ಅಲ್ಲಿಂದ ನಿನ್ನ ಹೆಣಾನೂ ಊರಿಗೆ ಬರಲ್ಲ. ಹೇಳು, ನಿನ್ನ ಬಾಯಿಗೆ ಬೀಗ ಹಾಕ್ದೋನ್ಯಾರು?"

ಅವನು ನಿಧಾನವಾಗಿ ಕೈಯೆತ್ತಿ ದಫೇದಾರರ ಕಡೆ ಬೆರಳು ತೋರಿಸಿದ.

ನನ್ನ ಕೋಣೆಯಲ್ಲಿ ಪೊಲೀಸರತ್ತ ಬೆರಳು ತೋರಿಸುವುದಕ್ಕೆ ಸಾಮಾನ್ಯವಾಗಿ ಒಂದೇ ಅರ್ಥ. ನಾನು ಪೆನ್ನು ಕೈಗೆತ್ತಿಕೊಂಡೆ.

"ನಾನು ಇವನ ಮೈ ಮುಟ್ಟಿಲ್ಲ ಮೇಡಂ, ದೇವರಾಣೆ."

ಅವನು ಕಂಬಳಿಯ ಅಂಚನ್ನು ಹಿಡಿದು, ಅದರ ಮೇಲೆ ಅಂಗೈಯಿಟ್ಟು, ಮತ್ತೆ ದಫೇದಾರರನ್ನು ನೋಡಿದ. ಅವರು ಕೈಯಲ್ಲಿದ್ದ ಬನ್ನಿನ ತುಂಡನ್ನು ಎಲ್ಲಿಡಬೇಕೆಂದು ತಿಳಿಯದೆ ಜೇಬಿಗೆ ಹಾಕಿಕೊಂಡರು.

"ಕೋರ್ಟಿಗೆ ಹಾಜರು ಮಾಡಿದ ದಿನ," ಎಂದರು. "ಹಿರಿಯೂರು ಕೋರ್ಟಿನ ಮೆಟ್ಲ ಮೇಲೆ ಕುಂತು ಅಳ್ತಿದ್ದ. ನಾನೇ ಕೊಂದೆ, ನಾನೇ ಕೊಂದೆ ಅಂತ ಹೋಗೋ ಬರೋರಿಗೆಲ್ಲಾ ಹೇಳ್ತಿದ್ದ. ಆ ಮನುಷ್ಯ ಸತ್ತೇ ಹೋದ ಅಂದ್ಕೊಂಡಿದ್ದ. ಲೇ, ಸುಮ್ನಿರು, ಹಿಂಗೆ ಒದರಿದ್ರೆ ಕೆಟ್ಟೆ, ನಾ ಹೇಳೋತನಕ ಬಾಯಿ ಬಿಡಬ್ಯಾಡ ಅಂದೆ. ಹೂಂ ಅಂದ. ಕಂಬಳಿ ಮುಟ್ಟಿ ಭಾಷೆ ಕೊಡು ಅಂದೆ." ನನ್ನ ಕಡೆ ತಿರುಗಿದರು. "ನಮ್ಮೋರಿಗೆ ಕಂಬಳಿ ಅಂದ್ರೆ ದೇವರು ಮೇಡಂ. ಗೊತ್ತಿದ್ದೂ ಅಂದೆ. ಇಪ್ಪತ್ತೆರಡು ವರ್ಷದಿಂದ ಎಲ್ಲಾರಿಗೂ ಹೇಳ್ತಾನೇ ಬಂದಿದೀನಿ, ಬಾಯಿ ಬಿಡಬ್ಯಾಡ್ರಲೇ ಅಂತ. ಒಬ್ನೂ ಕೇಳಿಲ್ಲ. ಜೈಲು ಗೇಟು ದಾಟೋದ್ರೊಳಗೆ ಎಲ್ಲಾ ಒದರಿರ್ತಾರೆ. ಇವನು ಕೇಳ್ತಾನೆ ಅಂತ ನನಗೇನು ಗೊತ್ತು? ನಾನು ಮರ್ತೇ ಬಿಟ್ಟಿದ್ದೆ."

ಅವರು ಬಗ್ಗಿ ಬೂಟಿನ ಲೇಸು ಬಿಚ್ಚತೊಡಗಿದರು. ಬೂಟು ತೆಗೆದು, ಕಾಲುಚೀಲ ತೆಗೆದು, ಬರಿಗಾಲಿನಲ್ಲಿ ಬಂದು ಅವನ ಮುಂದೆ ನೆಲದ ಮೇಲೆ ಕೂತು ಎರಡೂ ಕೈಯಿಂದ ಕಂಬಳಿ ಮುಟ್ಟಿದರು.

"ನಿನ್ನ ಭಾಷೆ ನಿನಗೆ ವಾಪಸ್ ಕೊಟ್ಟೆ ಕಣಪ್ಪ. ತಪ್ಪಾಯ್ತು. ಮಾತಾಡು."

ಅವನು ಬಾಯಿ ತೆರೆದ. ಮೊದಲು ಬರೀ ಗಾಳಿ ಬಂತು. ಆಮೇಲೆ, "ಉಳಿದ ಕುರಿ ಎಲ್ಲಿ ಅವೆ?" ಎಂದ.

ದಫೇದಾರರು ಬರಿಗಾಲಲ್ಲೇ ಹೊರಗೆ ಓಡಿದರು. ಅವರ ನಿಯಮವಿದ್ದೂ ಕೈದಿ ಆಗ ಅವರ ಕಣ್ಣಳತೆಯಲ್ಲಿರಲಿಲ್ಲ.

ನಾನು ನನ್ನ ಕೆಲಸ ಮಾಡಿದೆ. ಇದು ಯಾವ ಜಾಗ, ಯಾವ ವಾರ, ಕೇಸು ಏನು, ಜಡ್ಜ್ ಏನು ಮಾಡುತ್ತಾರೆ ಎಂದು ಕೇಳಿದೆ. ಎಲ್ಲಕ್ಕೂ ಸರಿಯಾದ ಉತ್ತರ ಬಂತು. ಕೇಳದ್ದಕ್ಕೂ ಬಂತು. "ಹೊಡ್ದಿದ್ದು ನಾನೇ ಕಣವ್ವ. ಎರಡೇಟು. ಎರಡ್ನೇದು ಹೊಡಿಬಾರ್ದಿತ್ತು. ಬರ್ಕೋ."

ಇಷ್ಟು ದಿನ ಅವನನ್ನು ಶಿಕ್ಷೆಯಿಂದ ಕಾಪಾಡಿದ್ದು ಆ ಮೌನವೇ ಎಂದು ಆಗ ನನಗೆ ಹೊಳೆಯಿತು. ಮಾತಾಡದಿದ್ದರೆ ಹುಚ್ಚಾಸ್ಪತ್ರೆ, ಮಾತಾಡಿದರೆ ಶಿಕ್ಷೆ. ಕೋರ್ಟಿನ ಪತ್ರವನ್ನು ಇನ್ನೊಮ್ಮೆ ಓದಿದೆ. ಮೂರು ಪ್ರಶ್ನೆಗಳಲ್ಲಿ, ಹೊಡೆದದ್ದು ಯಾರು ಎಂಬುದು ಇರಲಿಲ್ಲ. ಸ್ವಸ್ಥನಾಗಿದ್ದಾನೆ, ತಿಳಿದುಕೊಳ್ಳಬಲ್ಲ, ಮಾತಾಡಬಲ್ಲ ಎಂದು ಬರೆದೆ. "ಇದನ್ನು ನಿಮ್ಮ ವಕೀಲರಿಗೆ ಹೇಳಿ, ನನಗಲ್ಲ," ಎಂದು ಹೇಳಿ ಫೈಲು ಮುಚ್ಚಿದೆ. ವರದಿ ಅರ್ಧ ಪುಟಕ್ಕೆ ಮುಗಿಯಿತು.

ದಫೇದಾರರ ಹಿಂದೆ ಹೆಂಡತಿ ಬಂದು ಬಾಗಿಲಲ್ಲಿ ನಿಂತಳು.

"ಕುರಿ?" ಎಂದ ಅವನು.

ಆ ದನಿ ಕೇಳಿ ಅವಳು ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಆಮೇಲೆ, ಬೆಳಿಗ್ಗೆ ಕೇಳಿದ್ದಕ್ಕೆ ಸಂಜೆ ಹೇಳಿದಂತೆ ಹೇಳಿದಳು. "ನಮ್ಮಣ್ಣನ ಹತ್ರ ಅವೆ. ಹಿನ್ನೀರಿನ ಕಡೆ ಹೊಡ್ಕೊಂಡು ಹೋಗವ್ನೆ."

"ಬಿಳಿಕಿವಿದು?"

"ಐತೆ."

"ಮರಿ ಹಾಕ್ತಾ?"

"ಎರಡು."

"ಕುಂಟಿ?"

ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. ಅಷ್ಟರಲ್ಲಿ ವ್ಯಾನಿನ ಡ್ರೈವರು ಕಾರಿಡಾರಿನಲ್ಲಿ ಬಂದ. "ದಫೇದಾರ್ರೇ, ಜೈಲಿನೋರು ಎರಡು ಸಲ ಫೋನ್ ಮಾಡಿದ್ರು. ಹೋಗಾಣ ಬರ್ರಿ."

ದಫೇದಾರರು ನನ್ನನ್ನು ನೋಡಿದರು. ಅಷ್ಟು ಮಾತಿನ ಮನುಷ್ಯನಿಗೆ ಆ ಹೊತ್ತಿಗೆ ಒಂದು ಸಣ್ಣ ಸುಳ್ಳೂ ಸಿಗಲಿಲ್ಲ.

ನಾನು ಎದ್ದು ಬಾಗಿಲಿಗೆ ಹೋದೆ. "ಇನ್ನೊಂದು ಪರೀಕ್ಷೆ ಬಾಕಿ ಇದೆ," ಎಂದೆ. "ಅರ್ಧ ಗಂಟೆ ಆಗುತ್ತದೆ."

ಡ್ರೈವರು ಗೊಣಗುತ್ತಾ ಹೋದ. ನನ್ನ ಹಿಂದೆ ಕುರಿಗಾಹಿ "ಕುಂಟಿ?" ಎಂದು ಮತ್ತೆ ಕೇಳಿದ. ಅವಳು ಮೆಲ್ಲಗೆ ಏನೋ ಹೇಳಿದಳು. ಆಮೇಲೆ ಅವನು ಮುಂದಿನ ಕುರಿಯ ಹೆಸರೆತ್ತಿ ಕೇಳಿದ.