ಸ್ಪ್ಯಾನಿಷ್ ಕಳ್ಳರೂ ನನ್ನ ಕರದಂಟಿನ ಡಬ್ಬಿಯೂ

ನಮ್ಮ ಮನೆಯವರು ಮೂಡಲಗಿ ಸಂತೆಗೆ ಬದನೆಕಾಯಿ ತರಲು ಹೋಗಿ ಡಿವಿಡಿ ತಂದರು. "ಸ್ಪ್ಯಾನಿಷ್ ಪಿಚ್ಚರ್ ಐತಿ, ದರೋಡೇದು" ಎಂದರು. ಗೋಕಾಕ ಫಾಲ್ಸಿನ ಗಿರಣಿಯಲ್ಲಿ ಮೂವತ್ತು ವರ್ಷ ಸ್ಪ್ಯಾನರ್ ಹಿಡಿದ ಮಹಾಪುರುಷರು, ಈಗ ಸ್ಪ್ಯಾನಿಷ್ ಹಿಡಿದರು. (ಅವತ್ತು ಊಟಕ್ಕೆ ಬರೀ ರೊಟ್ಟಿ, ಶೇಂಗಾ ಹಿಂಡಿ.)

ನಾನು ಸಾಲಿ ಕಲಿತದ್ದು ಎರಡೇ ವರ್ಷ. ಆದರೆ ಕಿವಿ ಚುರುಕು. ಹಿತ್ತಲಲ್ಲಿ ಕೂತೇ, ಅಡುಗೆಮನೆಯಲ್ಲಿ ಯಾವ ಡಬ್ಬಿಯ ಮುಚ್ಚಳ ತೆರೆಯಿತೆಂದು ಹೇಳಬಲ್ಲೆ. ಸಕ್ಕರೆ ಕಾಯಿಲೆಯ ಗಂಡನನ್ನು ಕಟ್ಟಿಕೊಂಡವಳಿಗೆ ಈ ವಿದ್ಯೆ ಬೇಕೇ ಬೇಕು. ಅದರಲ್ಲೂ ಆಗ ಮನೆಯಲ್ಲಿ ಒಂದು ಡಬ್ಬಿ ಕರದಂಟಿತ್ತು, ಹುಕ್ಕೇರಿಯಲ್ಲಿ ಹಡೆದ ಮಗಳು ಮಾಲಾಳಿಗೆಂದು. ಬಾಣಂತನ ತಾನೇ ಮಾಡುತ್ತೇನೆಂದು ಬೀಗತಿ ಚನ್ನವ್ವ ಹಟ ಹಿಡಿದಿದ್ದಳು. ಅವಳ ಮುಂದೆ ನನ್ನ ಮಾನವೆಲ್ಲ ಆ ಡಬ್ಬಿಯೊಳಗಿತ್ತು.

ಪಿಚ್ಚರ್ ಶುರುವಾಯಿತು. ಕಪ್ಪು ಕನ್ನಡಕದ ಎಂಟು ಗಂಡಸರು ಬ್ಯಾಂಕಿನ ನಕ್ಷೆ ಹಾಸಿಕೊಂಡು ಕೂತರು. ಒಬ್ಬರಿಗೊಬ್ಬರು ಬೆರಳು ತೋರಿಸಿ ಮಾತಿಗೊಮ್ಮೆ "ತೂ! ತೂ!"

"ಏನ್ರಿ, ಹಿಂಗ್ಯಾಕ ಉಗುಳಾಕತ್ತಾರ?"

"ತೂ ಅಂದ್ರ 'ನೀ' ಅಂತ. ಕೆಳಗ ಇಂಗ್ಲಿಷಿನಾಗ ಬರದೈತಿ."

"ಚಲೋ ಭಾಷಾ ಬಿಡ್ರಿ. ನಿಮಗ ಒಪ್ಪತೈತಿ."

ಅಷ್ಟರಲ್ಲಿ ಅವರ ನಾಯಕ ಏನೋ ಗದರಿಸಿ ಕೇಳಿದ. ಇನ್ನೊಬ್ಬ ಬೆರಳು ಚಾಚಿ "ಆಕಿ! ಆಕಿ!" ಎಂದ.

"ಕೇಳಿದ್ರೇನ್ರಿ? ಬಂಗಾರ ಎಲ್ಲೈತಿ ಅಂದ್ರ ಆಕಿ ಅಂತಾನ! ಗಂಡಸೂರು ಯಾವ ದೇಶದಾಗ ಹುಟ್ಟಿದ್ರೂ ಹೆಂಗಸಿನ ಮ್ಯಾಲ ಹಾಕೂದ!"

"ಆಕಿ ಅಂದ್ರ ಅವರ ಮಾತಿನಾಗ 'ಇಲ್ಲಿ' ಅಂತ. ಸುಮ್ನ ನೋಡಬಾರದ?"

ನೋಡಿದೆ. ಅರ್ಧ ತಾಸು ಸುರಂಗ ಅಗೆದರು. ಅಷ್ಟರಲ್ಲಿ ನಾನು ಒಂದು ಮೊರ ಅಕ್ಕಿ ಆರಿಸಿ ಮುಗಿಸಿದ್ದೆ. ಕೊನೆಗೆ ತಿಜೋರಿ ಒಡೆದು ಬಂಗಾರ ತೆಗೆದರು, ತೂಕ ತಪ್ಪಬಾರದೆಂದು ಅದರ ಜಾಗದಲ್ಲಿ ಇಟ್ಟಿಗೆ ತುಂಬಿದರು.

"ಥೂ! (ಇದು ನಮ್ಮ ಭಾಷೆಯದು.) ಇದಕ್ಕ ಎಂಟ ಮಂದಿ ಬೇಕಾ? ಬಂಗಾರ ಇಟ್ಟಾವ್ರಾದ್ರೂ ಶಾಣ್ಯಾರೇನು? ತಿಜೋರ್ಯಾಗ ಇಟ್ರ ಕಳ್ಳನ್ನ ಕರದು ತೋರಿಸಿದಂಗ. ಕೌದಿ ಗಂಟಿನಾಗ ಇಡಬೇಕ್ರಿ! ಕರದಂಟಿನ ಡಬ್ಬಿ ಬಚ್ಚಿಟ್ಟು ಎಂಟ ದಿನ ಆತು, ನಿಮ್ಮ ಕೈಗೆ ಹತ್ತೈತೇನು?"

ಅವರು ಪಿಚ್ಚರ್ ಬಿಟ್ಟು ನನ್ನತ್ತ ತಿರುಗಿ, ಹೌದೆಂದು ತಲೆಯಾಡಿಸಿದರು. ನಲವತ್ತು ವರ್ಷದ ಸಂಸಾರದಲ್ಲಿ ಮೊದಲ ಸಲ ನನ್ನ ಬುದ್ಧಿಗೆ ತಲೆಬಾಗಿದರೆಂದು ಬೀಗಿದೆ.

ನಾಲ್ಕು ದಿನ ಕಳೆದು ಹುಕ್ಕೇರಿ ಬಸ್ಸು ಹತ್ತಿದೆವು. ಡಬ್ಬಿ ನನ್ನ ತೊಡೆಯ ಮೇಲೆ. ಎತ್ತಿ ನೋಡಿದೆ, ತೂಕ ಸರಿ. ಅಲುಗಿಸಿದೆ, ಸಪ್ಪಳವಿಲ್ಲ.

"ಏನ್ ತಂದೀರಿ ಬೀಗತಿ, ಇಷ್ಟ ಜ್ವಾಕಿಲೆ?" ಎಂದಳು ಚನ್ನವ್ವ.

"ಕರದಂಟರಿ. ತುಪ್ಪದಾಗ ಅಂಟು ಹುರದು ನಾನ ಮಾಡೇನಿ. ನಿಮ್ಮ ಕಡೆ ಇಂಥಾದ್ದು ಸಿಗೂದಿಲ್ಲ ನೋಡ್ರಿ."

ಮುಚ್ಚಳ ತೆಗೆದೆ. ನಿಜ, ಅಂಥದ್ದು ಎಲ್ಲೂ ಸಿಗುವುದಿಲ್ಲ. ಮೊದಲು ಹೊರಬಂದದ್ದು ನನ್ನ ಹರಕು ಕುಪ್ಪಸ. ಅದರೊಳಗೆ ಸಪ್ಪಳವಾಗದಂತೆ ಸುತ್ತಿಟ್ಟ ಹೆಂಚಿನ ಚೂರುಗಳು.

ಚನ್ನವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಮಾಲಾ ತಂದೆಯತ್ತ ತಿರುಗಿದಳು.

"ಅಪ್ಪಾ! ಡಾಕ್ಟರ್ ಏನ್ ಹೇಳ್ಯಾರ ನಿನಗ? ಅಷ್ಟೂ ತಿಂದ್ಯೇನು?"

"ಇಲ್ಲವ್ವಾ, ಶೆಟ್ಟೆಪ್ಪಗ ಅರ್ಧಾ ಪಾಲ ಕೊಟ್ಟೆ." (ಶೆಟ್ಟೆಪ್ಪ ಇವರ ಗಿರಣಿಯ ಗೆಳೆಯ. ಅಂದರೆ ಗ್ಯಾಂಗು.)

"ಅವ್ವ ಬಚ್ಚಿಟ್ಟ ಜಾಗಾ ನಿನಗ ಯಾರು ತೋರಿಸಿದ್ರು?"

ನಮ್ಮ ಮನೆಯವರು ಥೇಟ್ ಪಿಚ್ಚರಿನ ಕಳ್ಳನಂತೆ ಬೆರಳು ಚಾಚಿ ನನ್ನನ್ನು ತೋರಿಸಿದರು.

"ಆಕಿ!"