ನಡುವಿನ ಸ್ಪೀಕರ್ ಅಣ್ಣನ ಪಾಲಿಗೆ ಹೋದ ಬಗ್ಗೆ

ಹೋಂ ಥಿಯೇಟರ್ ಕಂಪನಿಯ ಧ್ವನಿ ವಿಭಾಗದ ಮುಖ್ಯಸ್ಥರೂ ಎಂಟು ದಿಕ್ಕಿನ ಸದ್ದಿಗೆ ಒಡೆಯರೂ ಆದ ಮಾನ್ಯರೇ,

ಪಿರಿಯಾಪಟ್ಟಣ ತಾಲ್ಲೂಕಿನ ಹೊಗೆಸೊಪ್ಪಿನ ಬೆಳೆಗಾರ ಲಿಂಗರಾಜು ಮಾಡುವ ಸವಿನಯ ನಮಸ್ಕಾರಗಳು. ಇಲ್ಲಿ ನಾನು, ನನ್ನ ಹೆಂಡತಿ ರಾಣಿ ಮತ್ತು ತಮ್ಮ ನಾಲ್ಕು ಸ್ಪೀಕರುಗಳು ಕ್ಷೇಮ. ಐದನೆಯದು ಗೋಡೆಯಾಚೆ ಅಣ್ಣನ ಮನೆಯಲ್ಲಿ ಕ್ಷೇಮವಾಗಿರುವುದೇ ಈ ಪತ್ರಕ್ಕೆ ಕಾರಣ.

ಹೋದ ವರ್ಷ ಹರಾಜಿನಲ್ಲಿ ಸೊಪ್ಪಿಗೆ ಒಳ್ಳೆಯ ಬೆಲೆ ಸಿಕ್ಕ ಖುಷಿಗೆ ಅಣ್ಣ ಗುರುಮಲ್ಲಪ್ಪನೂ ನಾನೂ ಸೇರಿ ತಮ್ಮ ಹೋಂ ಥಿಯೇಟರ್ ತಂದೆವು. ಮೂಲ ಧ್ವನಿಯಲ್ಲಿ ಎಳ್ಳಷ್ಟೂ ನಷ್ಟವಾಗದೆಂದು ತಮ್ಮ ಪುಸ್ತಕದಲ್ಲಿ ಅಚ್ಚಾಗಿತ್ತು. ಆಮೇಲೆ ಬೋರ್‌ವೆಲ್ ನೀರಿನ ಸರದಿಗೆ ಜಗಳವಾಗಿ ಮನೆ ಭಾಗವಾಯಿತು, ನಡುಮನೆಗೆ ಗೋಡೆ ಬಂತು, ಅಣ್ಣತಮ್ಮಂದಿರ ಮಾತು ನಿಂತಿತು. ಹಿರಿಯ ಪಾಲು ಮಾಡಬೇಕು, ಕಿರಿಯ ಮೊದಲು ಆರಿಸಿಕೊಳ್ಳಬೇಕು ಎಂಬುದು ನಮ್ಮಲ್ಲಿ ನಡೆದುಬಂದ ಕ್ರಮ. ಟಿ.ವಿ., ಆಂಪ್ಲಿಫೈಯರ್ ಮತ್ತು ಗುಡುಗುವ ವೂಫರ್ ಅವ್ವನಿಗೆ. ಅವ್ವ ಅಣ್ಣನ ಕಡೆಗೆ. ಮಿಕ್ಕ ಐದು ಸ್ಪೀಕರುಗಳಲ್ಲಿ ಅಣ್ಣ ಒಂದು ಕಡೆ ನಾಲ್ಕು, ಇನ್ನೊಂದು ಕಡೆ ನಡುವಿನದೊಂದನ್ನೇ ಇಟ್ಟ. ಬುದ್ಧಿ ನೆಟ್ಟಗಿರುವ ಯಾರಾದರೂ ನಾಲ್ಕನ್ನೇ ಎತ್ತಿಕೊಳ್ಳುತ್ತಾರೆ, ನಾನೂ ಎತ್ತಿಕೊಂಡೆ. ಅಣ್ಣನ ಕಡೆಯ ಆಂಪ್ಲಿಫೈಯರಿನಿಂದ ನನ್ನ ನಾಲ್ಕಕ್ಕೆ ತಂತಿ ಎಳೆಯಲು ಗೋಡೆಗೆ ತೂತು ಹೊಡೆಸಿದೆವು.

ಪಾತ್ರಧಾರಿಗಳ ಮಾತನ್ನೆಲ್ಲ ತಾವು ಆ ನಡುವಿನ ಒಂದರಲ್ಲೇ ತುಂಬಿಟ್ಟಿದ್ದೀರೆಂದು ಪೆಟ್ಟಿಗೆಯ ಮೇಲೆ ಒಂದು ಸಾಲು ಬರೆದಿದ್ದರೆ ತಮ್ಮ ಗಂಟೇನು ಹೋಗುತ್ತಿತ್ತು, ಮಾನ್ಯರೇ? ನಾನು ಬರಿಗೋಡೆಗೆ ಮುಖ ಮಾಡಿ ಕೂತು ಸಿನಿಮಾ ಕೇಳುತ್ತೇನೆ. ಕುದುರೆ ಎಡಗಿವಿಯಿಂದ ಬಲಗಿವಿಗೆ ಓಡುತ್ತದೆ, ಯಾರದೆಂದು ತಿಳಿಯದು. ತಮ್ಮ ಮಳೆಯಂತೂ ಅಮೋಘ. ರಾಣಿ ಪ್ರತಿ ಸಲವೂ "ಮಳೆ ಬಂತು ಕಣ್ರೀ, ರಾಗಿ ನೆನೀತದೆ" ಎಂದು ಬಿಸಿಲಿಗೆ ಓಡುತ್ತಾಳೆ. ಆಚೆ ಅಣ್ಣನಿಗೆ ಬರಿಯ ಮಾತು. ವೂಫರಿನ ಮೇಲಿಟ್ಟ ಅವ್ವನ ಎಲೆಯಡಿಕೆ ತಟ್ಟೆ ಮಾತ್ರ ತನ್ನಷ್ಟಕ್ಕೆ ಕುಣಿಯುತ್ತದೆ.

ಆದ್ದರಿಂದ ಕಿರಿಯರ ಪಾಲಿಗೂ ಒಂದಿಷ್ಟು ಮಾತು ಬೀಳುವ ಹೊಸ ಧ್ವನಿಕ್ರಮವೊಂದನ್ನು ಕಂಡುಹಿಡಿಯಬೇಕೆಂದೂ, ಆಗದಿದ್ದರೆ ತಮ್ಮ ಇಂಜಿನಿಯರೊಬ್ಬರು ಖುದ್ದು ಬಂದು ನಮ್ಮ ಗೋಡೆಯ ಮೇಲೆ ಕೂತು ಆಚೆಯ ಮಾತನ್ನು ಈಚೆಗೆ ಹೇಳಬೇಕೆಂದೂ ಬರೆಯುವುದರಲ್ಲಿದ್ದೆ.

ಅಷ್ಟರಲ್ಲಿ ಮೊನ್ನೆ ಭಾನುವಾರ ಸಿನಿಮಾ ಮುಗಿಯುವ ಹೊತ್ತಿಗೆ ಸರಿಯಾಗಿ ಕರೆಂಟ್ ಹೋಯಿತು. ತಂತಿಯ ತೂತಿನಿಂದ ಅಣ್ಣನ ದನಿ ಬಂತು: "ಅವ್ವಾ, ಅವನಿಗೆ ಕತೆ ಏನೂ ತಿಳಿದಿರಾಕಿಲ್ಲ. ಒಸಿ ಯೋಳು ಓಗು." ತೂತಿಗೆ ಬಾಯಿಟ್ಟು "ನೀನೇ ಯೋಳಣ್ಣ" ಎಂದೆ. ಅಣ್ಣ ಮೊದಲಿಂದ ಶುರುಮಾಡಿದ. ಕುದುರೆಯ ಸದ್ದು ನನ್ನ ಪಾಲಿನದೆಂಬುದನ್ನು ಮರೆತು ಅದನ್ನೂ ಅವನೇ ಮಾಡಿದ. ಕರೆಂಟ್ ಬಂದರೂ ಯಾರೂ ಟಿ.ವಿ. ಹಾಕಲಿಲ್ಲ. ಎಳ್ಳಷ್ಟೂ ನಷ್ಟವಿಲ್ಲದ ಧ್ವನಿ ಎಂದರೇನೆಂದು ತಮಗೆ ತಿಳಿಯುವ ಆಸೆಯಿದ್ದರೆ ಒಮ್ಮೆ ನಮ್ಮಲ್ಲಿಗೆ ದಯಮಾಡಿಸಬೇಕು.

ತಮ್ಮ ನಾಲ್ಕು ಸ್ಪೀಕರುಗಳ ಒಡೆಯನೂ ತಮ್ಮ ವಿಶ್ವಾಸಿಯೂ ಆದ,
ಲಿಂಗರಾಜು

ತಾಜಾ ಕಲಂ: ತಂತಿಯ ತೂತನ್ನು ಬಾಗಿಲಿನಷ್ಟು ಅಗಲ ಮಾಡಲು ನಾಳೆ ಗಾರೆಯವರು ಬರುತ್ತಾರೆ. ಧೂಳು ಹೊಕ್ಕು ಸ್ಪೀಕರುಗಳು ಕೆಟ್ಟರೆ ಗ್ಯಾರಂಟಿಯಲ್ಲಿ ಸರಿಮಾಡಿಕೊಡಬೇಕು. ಅವಸರವೇನಿಲ್ಲ, ಅಣ್ಣನ ಹತ್ತಿರ ಇನ್ನೂ ಬೇಕಾದಷ್ಟು ಕತೆಗಳಿವೆ.