ಚಪ್ಪಾಳೆ ದೀಪ ಮತ್ತು ಅತ್ತೆಯ ಕೋಡುಬಳೆ

ನಾನು ಹೈಸ್ಕೂಲ್ ಸೈನ್ಸ್ ಟೀಚರ್. ಇಂಥವೆಲ್ಲ ನನಗೇ ಯಾಕೆ ಆಗ್ತವೋ ಆ ದೇವರಿಗೇ ಗೊತ್ತು. ಒಂದು ಮುಗೀತು ಅನ್ನೋಷ್ಟರಲ್ಲಿ ಇನ್ನೊಂದು ಹಾಜರ್!

ಈ ಸಲ ನಮ್ಮ ಅಜ್ಜಂಪುರದ ಹೆಡ್ಮಾಸ್ಟರು, "ಮೇಡಂ, ತರೀಕೆರೆ ವಿಜ್ಞಾನ ಮೇಳದಲ್ಲಿ ಬಹುಮಾನ ಬರ್ಲಿಲ್ವೋ, ನಿಮ್ಮ ಲ್ಯಾಬಲ್ಲಿ ಬಿಸಿಯೂಟದ ಅಕ್ಕಿ ಮೂಟೆ ಇಡಿಸ್ತೀನಿ" ಅಂದುಬಿಟ್ರು. ಇಡಿಸ್ತಾರಂತೆ! ನನ್ನ ಲ್ಯಾಬಲ್ಲಿ! ಹಟಕ್ಕೆ ಬಿದ್ದು ಚಪ್ಪಾಳೆ ದೀಪ ಮಾಡೋಕೆ ಕೂತೆ. ಸದ್ದಾದ್ರೆ ಎಲ್‌ಇಡಿ ಹತ್ತಬೇಕು, ಸದ್ದು ನಿಂತ್ರೆ ತಾನೇ ಆರಬೇಕು.

೧. ಬಸ್ಸಿನಲ್ಲಿ

ಮೊದಲು ಹತ್ತಲೇ ಇಲ್ಲ. ಕಡೂರಿಗೆ ಹೋಗಿ ಹೊಸ ಮೈಕು ತಗೊಂಡು ಅಂಗಡೀಲೇ ಬೆಸುಗೆ ಹಾಕಿಸಿದೆ. ಹತ್ತಿತು! ಖುಷೀಲಿ ಸ್ವಿಚ್ ಆರಿಸೋದು ಮರೆತು ಬ್ಯಾಗಿಗೆ ಹಾಕ್ಕೊಂಡು ಬಸ್ಸು ಹತ್ತಿದೆ. ಕಂಡಕ್ಟರ್ ಸೀಟಿ ಊದಿದ, ಬ್ಯಾಗು ಝಗ್ ಅಂತು.

"ಇದೇನ್ ಮೇಡಂ!" ಅಂತ ಮತ್ತೆ ಊದಿದ. ಮತ್ತೆ ಝಗ್. ಅವನಿಗೆ ಮಜಾ ಬಂದ್ಬಿಡ್ತು ನೋಡಿ, ಊದಿದ್ದೇ ಊದಿದ್ದು. ಒಂದು ಸೀಟಿಗೆ ಬಸ್ ನಿಲ್ಲಬೇಕು, ಎರಡಕ್ಕೆ ಹೊರಡಬೇಕು. ಕೊನೆಗೆ ಡ್ರೈವರ್ ತಿರುಗಿ, "ಲೇ, ನಿಲ್ಸ್ಲೋ, ಹೊರಡ್ಲೋ, ಇಲ್ಲಾ ನಾನೂ ಹಿಂದಕ್ಕೇ ಬರ್ಲೋ?" ಅಂದ.

೨. ಮನೆಯಲ್ಲಿ

ನಮ್ಮತ್ತೆಗೆ ಸಂಜೆ ದೀಪ ಹತ್ತಿದ್ರೆ ಕೈ ಮುಗೀಬೇಕು. ಬಲ್ಬಾದ್ರೂ ಸರಿ, ಟಾರ್ಚಾದ್ರೂ ಸರಿ. ನಾನು ಚಪ್ಪಾಳೆ ಹೊಡೆದೆ, ದೀಪ ಹತ್ತಿತು, ಅತ್ತೆ ಕೈ ಮುಗಿದ್ರು. ಬಳೆ ಘಲ್ ಅಂತು. ಆರ್ತಿದ್ದ ದೀಪ ಮತ್ತೆ ಹತ್ತಿತು. ಮತ್ತೆ ಮುಗಿದ್ರು. ಮತ್ತೆ ಹತ್ತಿತು.

"ಅತ್ತೇ, ಸಾಕು ಬಿಡಿ!"

"ನಾನ್ ಹೆಂಗೆ ಬಿಡ್ಲೇ? ಮೊದ್ಲು ಅದು ಬಿಡ್ಲಿ!"

೩. ತರೀಕೆರೆಯಲ್ಲಿ

ಮೇಳಕ್ಕೆ ನಾನೂ ಬತ್ತೀನಿ ಅಂತ ಅತ್ತೆ ಹೊರಟೇಬಿಟ್ರು. ಕೈ ಮುಗಿದು ಎಲ್ಲಿ ಕೆಡಿಸ್ತಾರೋ ಅಂತ, ಎರಡೂ ಕೈಗೆ ಕೋಡುಬಳೆ ಡಬ್ಬಿ ಹೊರಿಸಿ ನಿಲ್ಲಿಸಿದೆ. ನನ್ನ ಬುದ್ಧೀನ ನಾನೇ ಮೆಚ್ಕೊಂಡೆ.

ಸಂಜೆ ಹೊತ್ತಿಗೆ ತೀರ್ಪುಗಾರರೊಬ್ಬರು ಬಂದು ಚಪ್ಪಾಳೆ ಹೊಡೆದ್ರು. ಹತ್ತಿತು! ಇನ್ನು ಆರಿಬಿಟ್ರೆ ಲ್ಯಾಬು ಉಳೀತು. ಅಷ್ಟರಲ್ಲಿ ಅತ್ತೆ, "ಒಸಿ ಹಿಡ್ಕೊಳಪ್ಪಾ" ಅಂತ ಡಬ್ಬೀನ ತೀರ್ಪುಗಾರರ ಕೈಗೇ ಕೊಟ್ಟು ಕೈ ಮುಗಿದುಬಿಟ್ರು. ಘಲ್! ಘಲ್! ಮುಗೀತಲ್ಲಪ್ಪಾ ನನ್ನ ಕತೆ!

"ಅಮ್ಮಾ ನಿಲ್ಸಿ, ದೀಪ ಆರೋದು ನೋಡ್ಬೇಕು!" ಅಂದ್ರು ಅವರು.

"ದೀಪ ಆರೋದು ನೋಡ್ತಾರೇನಪ್ಪಾ? ಓದ್ದೋನು ನೀನು! ಹೊಟ್ಟೆ ಹಸಿದಿರ್ಬೇಕು, ಒಂದ್ ಕೋಡುಬಳೆ ತಿನ್ನು" ಅಂತ ಅತ್ತೆ.

ಪಾಪ, ಬೆಳಗ್ಗಿಂದ ಸುತ್ತಿದ್ದ ಮನುಷ್ಯ. ನಾನು ಅತ್ತೆಯ ಎರಡೂ ಕೈ ಕೆಳಗಿಳಿಸಿ ಗಟ್ಟಿಯಾಗಿ ಹಿಡ್ಕೊಂಡು ದೀಪ ಆರಿದ ಮೇಲೆ, ಮೈಕಿನ ಮುಂದೇ ನಿಂತು ಒಂದು ಕಚ್ಚಿದ್ರು. ಕಟುಂ! ದೀಪ ಹತ್ತಿತು. ಬೆಚ್ಚಿ ಅಗಿಯೋದು ನಿಲ್ಲಿಸಿದ್ರು, ಆರಿತು. ಅಗಿದ್ರು, ಹತ್ತಿತು. ನಿಲ್ಲಿಸಿದ್ರು, ಆರಿತು. ಸಾಲದ್ದಕ್ಕೆ ಉಳಿದ ಇಬ್ಬರು ತೀರ್ಪುಗಾರರನ್ನೂ ಕರೆದ್ರು. ಮೂವರೂ ಪರೀಕ್ಷೆ ಮಾಡಿ ಮಾಡಿ ಡಬ್ಬಿ ಖಾಲಿ.

ಮೊದಲ ಬಹುಮಾನ! ನನ್ನ ಲ್ಯಾಬು ಉಳೀತು! ನಾನು ಅಲ್ಲೇ ಕುಣಿದುಬಿಟ್ಟೆ.

ಬಹುಮಾನ ಕೊಡುವಾಗ ಆ ತೀರ್ಪುಗಾರರು, "ಮೇಡಂ, ಮುಂದಿನ ವರ್ಷ ಏನ್ ಮಾಡ್ತೀರಾ?" ಅಂತ ಕೇಳಿದ್ರು.

ನಾನು ಬಾಯಿ ಬಿಡೋಕೆ ಮುಂಚೆ ಹಿಂದಿನಿಂದ ಅತ್ತೆ ಹೇಳಿದ್ರು: "ಚಕ್ಲಿ."